ಕಿವಿ ಕೇಳದ ಮಗುವಿಗೆ ಮೊದಲ ಕಲಿಕೆ ಎಲ್ಲಿ, ಹೇಗೆ? ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಿಗೆ ಒಂದು ಹೋಲಿಕೆ

ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯಿಂದ ನನಗೆ ಫೋನ್ ಮಾಡುವ ತಂದೆತಾಯಂದಿರು ಹೆಚ್ಚು ಕಡಿಮೆ ಒಂದೇ ಮಾತು ಕೇಳುತ್ತಾರೆ. "ಅಕ್ಕಾ, ಬೆರಾ ಟೆಸ್ಟ್ ಮಾಡಿಸಿದ್ವಿ, ಹುಡುಗನಿಗೆ ಎರಡೂ ಕಿವಿ ಕೇಳಂಗಿಲ್ಲಂತ. ಒಬ್ರು ಮಷಿನ್ ಸಾಕು ಅಂತಾರ, ಇನ್ನೊಬ್ರು ಆಪರೇಷನ್ ಮಾಡಸ್ರಿ ಅಂತಾರ, ಮತ್ತೊಬ್ರು ಮೈಸೂರಿಗೆ ಹೋಗ್ರಿ ಅಂತಾರ. ಮನ್ಯಾಗ ಅಜ್ಜಿ ನೋಡಿದ್ರ ಐದು ವರ್ಷಕ್ಕ ತಾನಾ ಮಾತಾಡ್ತೈತಿ ಬಿಡು ಅಂತಾಳ. ಯಾವುದು ಮಾಡೂಣು?" (ಬೆರಾ ಅಂದರೆ ಸದ್ದಿಗೆ ಕಿವಿಯ ನರ, ಮಿದುಳು ಹೇಗೆ ಸ್ಪಂದಿಸುತ್ತವೆ ಅಂತ ನೋಡುವ ಪರೀಕ್ಷೆ.) ನಾನೂ ಕಿವಿ ಕೇಳದ ಮಗಳ ತಾಯಿ, ಕೊಪ್ಪಳ ಜಿಲ್ಲೆಯವಳು. ಫೋನಿನಲ್ಲಿ ಇದನ್ನು ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಜ್ಜಿಯ ಮಾತನ್ನು ಈಗಲೇ ಪಟ್ಟಿಯಿಂದ ತೆಗೆದುಬಿಡಿ. ಭಾಷೆ ಮಗುವಿನ ಮಿದುಳಿನಲ್ಲಿ ಸುಲಭವಾಗಿ ಕೂರುವುದು ಮೊದಲ ಕೆಲವು ವರ್ಷಗಳಲ್ಲಿ. ಆ ಕಾಲ ಹೋದರೆ ಆಮೇಲೆ ದುಡ್ಡು ಕೊಟ್ಟರೂ ವಾಪಸ್ ಸಿಗುವುದಿಲ್ಲ. ಕಿವಿ ತಜ್ಞರು 1-3-6 ಅಂತ ಒಂದು ಲೆಕ್ಕ ಇಟ್ಟುಕೊಂಡಿದ್ದಾರೆ. ಹುಟ್ಟಿದ 1 ತಿಂಗಳೊಳಗೆ ಮೊದಲ ತಪಾಸಣೆ, 3 ತಿಂಗಳೊಳಗೆ ಖಚಿತ ಪರೀಕ್ಷೆ, 6 ತಿಂಗಳೊಳಗೆ ಮಷಿನ್ ಮತ್ತು ಕಲಿಕೆ ಶುರು. ನನಗೆ ಫೋನ್ ಮಾಡುವವರಲ್ಲಿ ಬಹಳ ಜನರಿಗೆ ವಿಷಯ ಗೊತ್ತಾಗಿರುವುದೇ ಮಗುವಿಗೆ ಎರಡು ವರ್ಷ ದಾಟಿದ ಮೇಲೆ. ಹಾಗಿದ್ದರೆ ಕೊರಗುತ್ತಾ ಕೂರಬೇಡಿ, ಇವತ್ತಿನಿಂದ ಲೆಕ್ಕ ಹಿಡಿಯಿರಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಅಕ್ಕನ ಮಗಳು, ಅತ್ತೆಯ ಮಗ ಅಂತ ಸಂಬಂಧದಲ್ಲೇ ಮದುವೆ ಜಾಸ್ತಿ. ಅದರಿಂದ ಹುಟ್ಟು ಕಿವುಡುತನದ ಸಾಧ್ಯತೆ ಹೆಚ್ಚುವುದು ನಿಜ. ಆದರೆ ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು, ವಿಪರೀತ ಕಾಮಾಲೆ ಬಂದ ಮಗು, ಬಸುರಿನಲ್ಲಿ ತಾಯಿಗೆ ಸೋಂಕಾದ ಮಗು, ಮಿದುಳು ಜ್ವರ ಬಂದು ಹೋದ ಮಗು, ಇವರಿಗೂ ಕಿವಿ ಹೋಗುತ್ತದೆ. ಯಾರ ಕಡೆಯಿಂದ ಬಂತು ಅನ್ನುವ ಜಗಳದಲ್ಲಿ ಎಷ್ಟೋ ಮನೆಗಳಲ್ಲಿ ತಿಂಗಳುಗಟ್ಟಲೆ ಕಳೆದುಹೋಗುತ್ತದೆ. ಆ ತಿಂಗಳುಗಳು ಮಗುವಿನವು.

ಯಾವುದರಿಂದ ಅಳೆಯಬೇಕು

ಆಯ್ಕೆಗಳನ್ನು ನೋಡುವ ಮೊದಲು ಐದು ವಿಷಯ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಇದಿಲ್ಲದೆ ಯಾರ ಸಲಹೆ ಕೇಳಿದರೂ ತಲೆ ಕೆಡುತ್ತದೆ ಅಷ್ಟೆ.

ಒಂದು, ಕಿವಿ ಎಷ್ಟು ಕೇಳುತ್ತದೆ. ವರದಿಯಲ್ಲಿ ಡೆಸಿಬೆಲ್ ಲೆಕ್ಕ ಇರುತ್ತದೆ, ಎರಡೂ ಕಿವಿಗೆ ಬೇರೆ ಬೇರೆ. ಅಂಕಿ ಹೆಚ್ಚಿದ್ದಷ್ಟೂ ಕೇಳುವುದು ಕಡಿಮೆ. 40ರಿಂದ 70ರ ನಡುವೆ ಇದ್ದರೆ ಒಂದು ದಾರಿ, 90 ದಾಟಿದ್ದರೆ ಬೇರೆ ದಾರಿ. "ಕೇಳಲ್ಲ" ಅನ್ನುವ ಒಂದೇ ಪದ ಹಿಡಿದುಕೊಂಡು ಮನೆಗೆ ಬರಬೇಡಿ, ಅಂಕಿ ಕೇಳಿ ಬರೆಸಿಕೊಳ್ಳಿ. ಎರಡು, ಮಗುವಿನ ವಯಸ್ಸು. ಮೂರು, ಮನೆಯಲ್ಲಿ ದಿನಾ ಮಗುವಿನ ಜೊತೆ ಕೂರುವವರು ಯಾರು. ಅಮ್ಮನಾ, ಅಜ್ಜಿಯಾ, ಹೊಲಕ್ಕೆ ಹೋದ ಮೇಲೆ ಪಕ್ಕದ ಮನೆಯವರಾ? ನಾಲ್ಕು, ದೂರ. ಐದು, ಖರ್ಚು, ಅದೂ ಮೊದಲ ದಿನದ್ದಲ್ಲ, ವರ್ಷ ವರ್ಷ ಬರುವ ಖರ್ಚು.

ಇವುಗಳಲ್ಲಿ ಜನ ಜಾಸ್ತಿ ಯೋಚಿಸುವುದು ಐದನೆಯದನ್ನು, ಕಡಿಮೆ ಯೋಚಿಸುವುದು ಮೂರನೆಯದನ್ನು. ನನ್ನ ಅನುಭವದಲ್ಲಿ ಫಲ ನಿಲ್ಲುವುದು ಮೂರನೆಯದರ ಮೇಲೆಯೇ. ಯಾವ ಮಷಿನ್ ಹಾಕಿದಿರಿ ಅನ್ನುವುದಕ್ಕಿಂತ, ಅದನ್ನು ಹಾಕಿಕೊಂಡ ಮಗುವಿನ ಜೊತೆ ದಿನಾ ಮಾತಾಡುವವರು ಒಬ್ಬರಾದರೂ ಇದ್ದಾರಾ ಅನ್ನುವುದು ದೊಡ್ಡದು.

ಪರೀಕ್ಷೆ ಇನ್ನೂ ಆಗಿಲ್ಲದಿದ್ದರೆ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ (ನಾವೆಲ್ಲ ಇನ್ನೂ ವಿಮ್ಸ್ ಅಂತಲೇ ಕರೆಯುತ್ತೇವೆ), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಇಲ್ಲಿನ ಕಿವಿ ಮೂಗು ಗಂಟಲು ವಿಭಾಗದಿಂದ ಶುರು ಮಾಡಿ. ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ವೈದ್ಯರ ತಂಡಕ್ಕೆ ಹೇಳಿದರೂ ಮುಂದಿನ ಪರೀಕ್ಷೆಗೆ ಚೀಟಿ ಬರೆದುಕೊಡುತ್ತಾರೆ. ಬೆರಾ ಪರೀಕ್ಷೆಗೆ ಪುಟ್ಟ ಮಗು ಮಲಗಿರಬೇಕು. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲಿ ನಿದ್ದೆ ಮಾಡದಂತೆ ಕರೆದುಕೊಂಡು ಹೋಗಿ. ಇಲ್ಲದಿದ್ದರೆ ಸುಮ್ನೆ ಇನ್ನೊಂದು ತಾರೀಖು ಕೊಟ್ಟು ಕಳಿಸುತ್ತಾರೆ.

ಕಿವಿ ಮಷಿನ್ ಮತ್ತು ಥೆರಪಿ

ಸ್ವಲ್ಪ ಕೇಳುವ ಮಗುವಿಗೆ, ಅಂದರೆ 70 ಡೆಸಿಬೆಲ್ ಆಸುಪಾಸಿನವರೆಗಿನ ಮಗುವಿಗೆ, ಸರಿಯಾಗಿ ಹೊಂದಿಸಿದ ಮಷಿನ್ ಮತ್ತು ನಿಯಮಿತ ಥೆರಪಿ (ಕೇಳುವುದನ್ನು, ಮಾತಾಡುವುದನ್ನು ಕಲಿಸುವ ತರಬೇತಿ) ಬಹಳ ಕೆಲಸ ಮಾಡುತ್ತದೆ. ಎರಡೂ ಕಿವಿಗೆ, ಕಿವಿಯ ಹಿಂದೆ ಕೂರುವ ಡಿಜಿಟಲ್ ಮಷಿನ್ ಬೇಕು. ಕಡಿಮೆ ಆದಾಯದ ಮನೆಗಳಿಗೆ ವಿಕಲಚೇತನರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಉಚಿತವಾಗಿ ಸಿಗುತ್ತದೆ. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಶಿಬಿರ ಯಾವಾಗ ಅಂತ ಕೇಳಿ. ಊರಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೂ ಇದು ಗೊತ್ತಿರುತ್ತದೆ.

ಆದರೆ ಶಿಬಿರದಲ್ಲಿ ಕೊಟ್ಟ ಮಷಿನ್ ಅನ್ನು ಹಾಗೆಯೇ ಹಾಕಿ ಸುಮ್ಮನಿರಬೇಡಿ. ಮಗುವಿನ ವರದಿಗೆ ತಕ್ಕಂತೆ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಅದನ್ನು ಕಂಪ್ಯೂಟರಿಗೆ ಹಚ್ಚಿ ಹೊಂದಿಸಬೇಕು. ಕಿವಿಯೊಳಗೆ ಕೂರುವ ಅಚ್ಚು ಮಗು ಬೆಳೆದಂತೆ ಸಡಿಲವಾಗಿ ಕುಂಯ್ ಅಂತ ಶಬ್ದ ಮಾಡಲು ಶುರು ಮಾಡುತ್ತದೆ. ಮೊದಲ ವರ್ಷಗಳಲ್ಲಿ ಕೆಲವೇ ತಿಂಗಳಿಗೊಮ್ಮೆ ಹೊಸ ಅಚ್ಚು ಬೇಕಾಗುತ್ತದೆ. ಅದರ ಜೊತೆಗೆ ಬ್ಯಾಟರಿ. ವರ್ಷದ ಖರ್ಚು ಅಂದೆನಲ್ಲ, ಅದು ಇದೇ. ಬಟನ್ ಬ್ಯಾಟರಿಯನ್ನು ಮಗು ನುಂಗಿದರೆ ಪ್ರಾಣಾಪಾಯ, ಹಾಗಾಗಿ ಬ್ಯಾಟರಿ ಬಾಗಿಲಿಗೆ ಲಾಕ್ ಇರುವ ಮಷಿನ್ ಕೇಳಿ ಪಡೆಯಿರಿ.

ನಮ್ಮ ಬಿಸಿಲಿನ ಬಗ್ಗೆ ಬೇರೆ ಹೇಳಬೇಕಿಲ್ಲ. ರಾಯಚೂರಿನ ಏಪ್ರಿಲ್ ಮೇ ತಿಂಗಳ ಬೆವರು ಮಷಿನ್‌ಗೆ ಶತ್ರು. ರಾತ್ರಿ ತೇವ ಹೀರುವ ಹರಳು ಹಾಕಿದ ಡಬ್ಬಿಯಲ್ಲಿ ಇಡಿ. ಇದಕ್ಕೆ ಹೆಚ್ಚು ದುಡ್ಡು ಬೇಕಿಲ್ಲ, ಮಷಿನ್ ಮಾತ್ರ ಬಹಳ ಕಾಲ ಬಾಳುತ್ತದೆ.

ದಿನಾ ಬೆಳಿಗ್ಗೆ ಮಷಿನ್ ಹಾಕಿದ ಮೇಲೆ ಆರು ಶಬ್ದ ಮಾಡಿ ನೋಡಿ: ಆ, ಈ, ಊ, ಮ್, ಶ್, ಸ್. ನಿಮ್ಮ ತುಟಿ ಮಗುವಿಗೆ ಕಾಣದಂತೆ ಪಕ್ಕದಲ್ಲೋ ಹಿಂದೋ ಕೂತು ಹೇಳಿ. ಮಾತಿನ ದಪ್ಪ ಸದ್ದಿನಿಂದ ತೆಳು ಸದ್ದಿನವರೆಗೆ ಎಲ್ಲವೂ ಈ ಆರರಲ್ಲಿ ಬರುತ್ತದೆ. ನಿನ್ನೆವರೆಗೆ ತಿರುಗುತ್ತಿದ್ದ ಮಗು ಇವತ್ತು ಸ್ ಅಂದರೆ ತಿರುಗಲಿಲ್ಲವಾದರೆ ಬ್ಯಾಟರಿ, ಅಚ್ಚು, ಕಿವಿ ಸೋರಿಕೆ ಯಾವುದೋ ಒಂದು ಕೆಟ್ಟಿದೆ ಅಂತ ಅರ್ಥ. ಈ ಪರೀಕ್ಷೆಗೆ ಓದು ಬರಹ ಬೇಕಿಲ್ಲ, ಅಜ್ಜಿಯೂ ಮಾಡಬಹುದು.

ಕಾಕ್ಲಿಯರ್ ಇಂಪ್ಲಾಂಟ್ ಆಪರೇಷನ್

90 ಡೆಸಿಬೆಲ್ ದಾಟಿದ ಮಗುವಿಗೆ ಎಷ್ಟು ಜೋರಿನ ಮಷಿನ್ ಹಾಕಿದರೂ ಮಾತಿನ ಸಣ್ಣ ಸದ್ದುಗಳು ಸಿಗದೇ ಹೋಗಬಹುದು. ಕೆಲವು ತಿಂಗಳು ಮಷಿನ್ ಹಾಕಿ, ಥೆರಪಿ ಕೊಡಿಸಿ, ಪ್ರಯೋಜನ ಕಾಣದಿದ್ದಾಗ ಇಂಪ್ಲಾಂಟ್ ಮಾತು ಬರುತ್ತದೆ. ಆಪರೇಷನ್ ಮಾಡಿ ಒಳಕಿವಿಯಲ್ಲಿ ಎಳೆಯಂಥ ತಂತಿ ಕೂರಿಸುತ್ತಾರೆ. ಹೊರಗಿನ ಯಂತ್ರ ಸದ್ದನ್ನು ಹಿಡಿದು ಒಳಗೆ ಕಳಿಸುತ್ತದೆ, ಅದು ಕಿವಿಯ ನರಕ್ಕೆ ನೇರವಾಗಿ ಮುಟ್ಟುತ್ತದೆ. ಮಿದುಳು ಜ್ವರದಿಂದ ಕಿವಿ ಹೋಗಿದ್ದರೆ ಮಾತ್ರ ಕಾಯಬಾರದು. ಒಳಕಿವಿಯೊಳಗೆ ಎಲುಬು ಬೆಳೆದು ದಾರಿ ಮುಚ್ಚುವ ಅಪಾಯ ಇದೆ, ಬೇಗ ತೋರಿಸಿ.

ದುಡ್ಡಿನ ವಿಷಯ. ಖಾಸಗಿಯಾಗಿ ಮಾಡಿಸಿದರೆ ಲಕ್ಷಗಳ ಲೆಕ್ಕ. ಆದರೆ ಕರ್ನಾಟಕ ಸರ್ಕಾರದ ಶ್ರವಣ ಸಂಜೀವಿನಿ ಯೋಜನೆ ಇದೆ, ಕೇಂದ್ರದ ಅಡಿಪ್ ಯೋಜನೆಯಲ್ಲೂ ಮುಂಬೈನ ಅಲಿ ಯಾವರ್ ಜಂಗ್ ಸಂಸ್ಥೆಯ ಮೂಲಕ ಇಂಪ್ಲಾಂಟ್‌ಗೆ ಸಹಾಯ ಇದೆ. ಎರಡಕ್ಕೂ ವಯಸ್ಸಿನ ಮಿತಿ ಇರುವುದರಿಂದ ನಾಲ್ಕು ತುಂಬಿದ ಮಗುವಿನ ಅರ್ಜಿಯನ್ನು ಒಂದು ದಿನವೂ ಮುಂದಕ್ಕೆ ಹಾಕಬೇಡಿ. ದುಡ್ಡಿಲ್ಲ ಅಂತ ಇದನ್ನು ಯೋಚಿಸದೇ ಬಿಡುವ ಅಗತ್ಯ ಈಗ ಇಲ್ಲ.

ಆಪರೇಷನ್ ಆದ ಮೇಲೆ ಏನು ಅನ್ನುವುದನ್ನು ಕೇಳದೆ ಒಪ್ಪಬೇಡಿ. ಗಾಯ ಮಾಗಿದ ಮೇಲೆ ಕೆಲವು ವಾರ ಬಿಟ್ಟು ಯಂತ್ರ ಚಾಲೂ ಮಾಡುತ್ತಾರೆ. ಆ ದಿನ ಮಗು ಮಾತಾಡುವುದಿಲ್ಲ, ಹೆದರಿ ಅಳಲೂಬಹುದು. ಆಮೇಲೆ ಮ್ಯಾಪಿಂಗ್‌ಗೆ, ಅಂದರೆ ಯಂತ್ರವನ್ನು ಮಗುವಿಗೆ ತಕ್ಕಂತೆ ಹೊಂದಿಸಲು, ಮತ್ತೆ ಮತ್ತೆ ಹೋಗಬೇಕು. ಥೆರಪಿ ವರ್ಷಗಟ್ಟಲೆ. ಹೊರಗಿನ ಯಂತ್ರದ ವೈರು, ಕಾಯಿಲ್, ಬ್ಯಾಟರಿ ಕೆಡುತ್ತವೆ, ವಾರಂಟಿ ಮುಗಿದ ಮೇಲೆ ಅವುಗಳ ಬೆಲೆ ಸಾವಿರಗಳಲ್ಲಿ. ವರ್ಷಗಳು ಕಳೆದಂತೆ ಹೊರಯಂತ್ರವನ್ನೇ ಬದಲಿಸಬೇಕಾಗುತ್ತದೆ. ಉಚಿತವಾಗಿ ಆಪರೇಷನ್ ಆಗಿ, ಎರಡು ವರ್ಷದ ಮೇಲೆ ವೈರು ತುಂಡಾಗಿ, ಯಂತ್ರ ಟ್ರಂಕಿನಲ್ಲಿ ಬಿದ್ದಿರುವ ಮನೆಗಳನ್ನು ನಾನು ನೋಡಿದ್ದೇನೆ. ಅದನ್ನು ನೋಡಿದಾಗ ಆಗುವ ಸಂಕಟ ಹೇಳತೀರದು, ಯಾಕೆಂದರೆ ಒಳಗೆ ಕೂರಿಸಿದ್ದು ಸರಿಯಾಗಿಯೇ ಇರುತ್ತದೆ. ಹಾಗಾಗಿ ಸಹಿ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ವಾರಂಟಿ ಎಷ್ಟು ವರ್ಷ? ಬಿಡಿಭಾಗ ಎಲ್ಲಿ ಸಿಗುತ್ತದೆ, ಬೆಲೆ ಎಷ್ಟು? ಮ್ಯಾಪಿಂಗ್ ಎಲ್ಲಿ, ಬೆಂಗಳೂರಿನಲ್ಲಾ, ಹುಬ್ಬಳ್ಳಿಯಲ್ಲಾ? ಥೆರಪಿಗೆ ವಾರಕ್ಕೆ ಎಷ್ಟು ಸಲ, ನಮ್ಮ ಜಿಲ್ಲೆಯಲ್ಲೇ ಇದೆಯಾ?

ಗುಳೆ ಹೋಗುವ ಮನೆಯವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುವವರಾದರೆ ಆಪರೇಷನ್ ಮತ್ತು ಥೆರಪಿ ಎರಡನ್ನೂ ಬೆಂಗಳೂರಿನಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ವರ್ಷದಲ್ಲಿ ಜಾಸ್ತಿ ಕಾಲ ನೀವು ಇರುವ ಊರಿನಲ್ಲಿ ಥೆರಪಿ ಇರಬೇಕು, ರೇಷನ್ ಕಾರ್ಡ್ ಇರುವ ಊರಿನಲ್ಲಲ್ಲ.

ಮೈಸೂರಿಗೆ ಹೋಗಿ ಇರುವುದು

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಜನರ ಬಾಯಲ್ಲಿ ಆಯಿಷ್, 1965ರಿಂದ ಇದೆ. ಅಲ್ಲಿ ಪರೀಕ್ಷೆ, ಮಷಿನ್, ಥೆರಪಿ ಮಾತ್ರ ಅಲ್ಲ, ಕಿವಿ ಕೇಳದ ಪುಟ್ಟ ಮಕ್ಕಳಿಗೆ ಪ್ರೀಸ್ಕೂಲ್ ಇದೆ, ತಾಯಂದಿರೂ ಮಗುವಿನ ಜೊತೆ ಕೂತು ಕಲಿಯುತ್ತಾರೆ. ಅದೇ ಊರಿನಲ್ಲಿ ಕಿವುಡು ಮಕ್ಕಳ ಪೋಷಕರ ಸಂಘ ನಡೆಸುವ ತಾಯಂದಿರ ಶಾಲೆಯೂ ಇದೆ. ಅಲ್ಲಿ ಅಮ್ಮನೇ ಟೀಚರ್, ಶಾಲೆಯವರು ಅಮ್ಮನನ್ನು ತಯಾರು ಮಾಡುತ್ತಾರೆ.

ಇಷ್ಟು ಗಟ್ಟಿಯಾದ ಕಲಿಕೆ ನಮ್ಮ ಮೂರು ಜಿಲ್ಲೆಗಳಲ್ಲಿ ನನಗೆ ಕಂಡಿಲ್ಲ. ಹೋಗಲು ಆಗುವವರು ಹೋಗಿ ಅಂತಲೇ ನಾನು ಹೇಳುವುದು. ಹುಬ್ಬಳ್ಳಿಯಿಂದ ಹೊರಡುವ ಹಂಪಿ ಎಕ್ಸ್‌ಪ್ರೆಸ್ ಕೊಪ್ಪಳ, ಬಳ್ಳಾರಿ ದಾಟಿ ಮೈಸೂರಿಗೇ ಹೋಗುತ್ತದೆ, ರೈಲು ಬದಲಿಸುವ ತಾಪತ್ರಯ ಇಲ್ಲ. ರಾಯಚೂರಿನವರಿಗೆ ಬೆಂಗಳೂರಿನಲ್ಲಿ ಇಳಿದು ಹೋಗುವುದು ಸುಲಭ.

ಆದರೆ ಬೆಲೆ ಬರೀ ದುಡ್ಡಿನದ್ದಲ್ಲ. ಅಮ್ಮ ಮತ್ತು ಮಗು ಮೈಸೂರಿನಲ್ಲಿ ಬಾಡಿಗೆ ಕೋಣೆಯಲ್ಲಿ, ಅಪ್ಪ ಸಿಂಧನೂರಿನ ಗದ್ದೆಯಲ್ಲಿ, ಇನ್ನೊಂದು ಮಗು ಅಜ್ಜಿಯ ಹತ್ತಿರ. ಎರಡು ಅಡುಗೆ ಮನೆ, ಎರಡು ಬಾಡಿಗೆ. ಆ ಒಂಟಿತನ ಎಲ್ಲರಿಗೂ ತಡೆಯುವಂಥದ್ದಲ್ಲ. ಇದನ್ನು ಪೂರಾ ಮಾಡಲು ಆಗದಿದ್ದರೆ ಅರ್ಧ ದಾರಿ ಇದೆ: ಮೈಸೂರಿನಲ್ಲಿ ಕೆಲವು ವಾರ ಇದ್ದು, ಮಗುವಿನ ಪರೀಕ್ಷೆ ಮುಗಿಸಿ, ಮನೆಯಲ್ಲಿ ಹೇಗೆ ಕಲಿಸಬೇಕು ಅನ್ನುವುದನ್ನು ಅಮ್ಮ ಅಪ್ಪ ಇಬ್ಬರೂ ಕಲಿತು ಬಂದು, ಆಮೇಲೆ ಮೊಬೈಲ್‌ನಲ್ಲಿ ವಿಡಿಯೊ ಥೆರಪಿ ಮುಂದುವರಿಸುವುದು. ನಮ್ಮ ಕಡೆಯ ಬಹುತೇಕ ಮನೆಗಳಿಗೆ ಹೊಂದುವುದು ಇದೇ ಅಂತ ನನಗೆ ಅನಿಸುತ್ತದೆ. ಇಬ್ಬರೂ ಅಂತ ಬೇಕೆಂದೇ ಬರೆದೆ. ಅಮ್ಮ ಒಬ್ಬಳೇ ಕಲಿತರೆ, ಅವಳಿಗೆ ಜ್ವರ ಬಂದ ದಿನ ಮಗುವಿನ ಕಲಿಕೆಯೂ ನಿಲ್ಲುತ್ತದೆ.

ಸನ್ನೆ ಭಾಷೆ

ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಇರುವುದು ಇದರ ಬಗ್ಗೆ. "ಕೈ ಸನ್ನೆ ಕಲಿಸಿದ್ರ ಮಾತು ಬರಂಗಿಲ್ಲ" ಅಂತ ಯಾರೋ ಹೇಳಿರುತ್ತಾರೆ. ಸನ್ನೆ ಕಲಿತದ್ದರಿಂದಲೇ ಮಗುವಿನ ಮಾತು ನಿಂತುಹೋಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಭಾಷೆಯೇ ಇಲ್ಲದೆ ಬೆಳೆದ ಮಗುವಿಗೆ ಆಗುವ ನಷ್ಟ ಮಾತ್ರ ಕಣ್ಣಿಗೆ ಕಾಣುವಂಥದ್ದು: ಹೊಟ್ಟೆ ನೋವು ಅಂತ ಹೇಳಲಾಗದೆ ತಲೆ ಚಚ್ಚಿಕೊಳ್ಳುವುದು, ಅಪ್ಪ ಎಲ್ಲಿಗೆ ಹೋದ, ಯಾವಾಗ ಬರುತ್ತಾನೆ ಅಂತ ತಿಳಿಯದೆ ಅಳುವುದು, ಅದನ್ನು ಜನ ಹಟ ಅನ್ನುವುದು.

ಭಾರತೀಯ ಸನ್ನೆ ಭಾಷೆ ಕನ್ನಡವನ್ನು ಕೈಯಲ್ಲಿ ತೋರಿಸುವುದಲ್ಲ. ಅದಕ್ಕೆ ತನ್ನದೇ ವ್ಯಾಕರಣ ಇದೆ. 2015ರಲ್ಲಿ ದೆಹಲಿಯಲ್ಲಿ ಇದಕ್ಕೆಂದೇ ಒಂದು ರಾಷ್ಟ್ರೀಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುವಾಯಿತು. ಅವರ ನಿಘಂಟಿನ 10,000 ಪದಗಳ ವಿಡಿಯೊಗಳು ಉಚಿತವಾಗಿ ಸಿಗುತ್ತವೆ. ಮನೆಯವರೆಲ್ಲ ಕೂತು ದಿನಾ ಮೂರು ನಾಲ್ಕು ಪದ ಕಲಿಯಬಹುದು. ಅನ್ನ, ನೀರು, ನೋವು, ಸಾಕು, ಅಮ್ಮ, ನಾಳೆ. ಖರ್ಚು ಇಲ್ಲ, ಪ್ರಯಾಣ ಇಲ್ಲ, ಬ್ಯಾಟರಿ ಬೇಕಿಲ್ಲ, ಆರು ತಿಂಗಳ ಮಗುವಿಗೂ ಶುರು ಮಾಡಬಹುದು.

ಇದರ ಕಷ್ಟ ಬೇರೆ. ಮನೆಯವರೆಲ್ಲ ಕಲಿಯಬೇಕು, ಬರೀ ಅಮ್ಮ ಕಲಿತರೆ ಮಗು ಅಮ್ಮನ ಜೊತೆ ಮಾತ್ರ ಮಾತಾಡುತ್ತದೆ. ವಿಡಿಯೊ ನೋಡಿ ಪದ ಬರುತ್ತದೆ, ಭಾಷೆಯ ಓಟ ಬರುವುದಿಲ್ಲ. ಅದಕ್ಕೆ ಸನ್ನೆ ಭಾಷೆಯಲ್ಲೇ ಬೆಳೆದ ದೊಡ್ಡವರು ಬೇಕು. ನಿಮ್ಮ ಊರಿನ ಕಿವುಡು ಯುವಕ ಯುವತಿಯರನ್ನು, ಟೈಲರ್ ಇರಬಹುದು, ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಕೆಲಸ ಮಾಡುವವರಿರಬಹುದು, ಮನೆಗೆ ಕರೆಯಿರಿ. ಮಗುವಿನ ಜೊತೆ ಭಾನುವಾರ ಒಂದು ಗಂಟೆ ಕೂರಲಿ. ಅವರ ಸಮಯಕ್ಕೆ ದುಡ್ಡು ಕೊಡಿ. ಕಿವಿ ಕೇಳದ ದೊಡ್ಡವರು ದುಡಿಯುತ್ತಾ, ಮದುವೆ ಮಾಡಿಕೊಂಡು, ನಗುತ್ತಾ ಇರುವುದನ್ನು ಕಣ್ಣಾರೆ ನೋಡುವುದು ಮಗುವಿಗಿಂತ ಮೊದಲು ಅಪ್ಪ ಅಮ್ಮನಿಗೆ ಬೇಕು.

ನನ್ನ ನಿಲುವು ನೇರವಾಗಿ ಹೇಳುತ್ತೇನೆ. ಮಷಿನ್ ಆಗಲಿ ಇಂಪ್ಲಾಂಟ್ ಆಗಲಿ ಫಲ ಕೊಡಲು ಕಾಲ ಬೇಕು. ಆ ಕಾಲದಲ್ಲಿ ಮಗು ಖಾಲಿ ಕೂರಬಾರದು. ಮೊದಲ ದಿನದಿಂದ ಸನ್ನೆ ಕೊಡಿ, ಜೊತೆಗೆ ಕೇಳಿಸುವ ಕೆಲಸವೂ ನಡೆಯಲಿ. ಕೆಲವು ಥೆರಪಿ ಕೇಂದ್ರಗಳಲ್ಲಿ ಸನ್ನೆ ಬೇಡ ಅನ್ನುತ್ತಾರೆ, ಕೇಳುವುದಕ್ಕೇ ಗಮನ ಇರಲಿ ಅನ್ನುವುದು ಅವರ ವಿಚಾರ. ಥೆರಪಿಯ ಆ ಗಂಟೆಯಲ್ಲಿ ಅವರು ಹೇಳಿದಂತೆ ಮಾಡಿ. ಮನೆಗೆ ಬಂದ ಮೇಲೆ ಮಗುವಿಗೆ ವಿಷಯ ಮುಟ್ಟಬೇಕು, ಬಾಯಿಂದಲಾದರೂ ಸರಿ, ಕೈಯಿಂದಲಾದರೂ ಸರಿ.

ಮನೆಯಲ್ಲಿ ಯಾವ ಭಾಷೆ ಆಡಬೇಕು

ಬಳ್ಳಾರಿಯಲ್ಲಿ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ. ರಾಯಚೂರಿನಲ್ಲಿ ಉರ್ದು ಮನೆಗಳಿವೆ, ತಾಂಡಾದಲ್ಲಿ ಲಂಬಾಣಿ. ಥೆರಪಿ ಕನ್ನಡದಲ್ಲಿ ಅಂತ ಮನೆಯಲ್ಲಿ ಬಾರದ ಕನ್ನಡವನ್ನು ತಡವರಿಸುತ್ತಾ ಆಡುವ ಅಮ್ಮಂದಿರಿದ್ದಾರೆ. ಬೇಡ. ನಿಮಗೆ ಸಲೀಸಾಗಿ ಬರುವ, ಜೋಗುಳ ಹಾಡಲು, ಗದರಲು, ಮುದ್ದು ಮಾಡಲು ಬರುವ ಭಾಷೆಯಲ್ಲೇ ಮಾತಾಡಿ. ಒಂದು ಭಾಷೆ ಗಟ್ಟಿಯಾದರೆ ಎರಡನೆಯದು ಅದರ ಮೇಲೆ ಕೂರುತ್ತದೆ. ಥೆರಪಿಸ್ಟ್‌ಗೆ ಮೊದಲೇ ಹೇಳಿ, ಪದಗಳ ಪಟ್ಟಿಯನ್ನು ನಿಮ್ಮ ಭಾಷೆಗೆ ಮಾಡಿಕೊಳ್ಳಿ. ಇಂಗ್ಲಿಷ್ ಮೀಡಿಯಂ ಆಸೆಗೆ ಆಪಲ್, ಬಾಲ್ ಕಲಿಸುವ ಕೆಲಸ ಆಮೇಲೆ.

ಅಂಗನವಾಡಿ, ಎಲ್‌ಕೆಜಿ, ವಸತಿ ಶಾಲೆ

ಮೂರು ವರ್ಷಕ್ಕೆ ಅಂಗನವಾಡಿಗೆ ಕಳಿಸಿ. ಉಚಿತ, ಮನೆಯ ಹತ್ತಿರ, ಬೇರೆ ಮಕ್ಕಳ ಜೊತೆ ಆಟ. ಆದರೆ ಮೂವತ್ತು ಮಕ್ಕಳ ಗದ್ದಲದಲ್ಲಿ ಮಷಿನ್ ಎಲ್ಲ ಸದ್ದನ್ನೂ ಒಟ್ಟಿಗೇ ದೊಡ್ಡದು ಮಾಡುತ್ತದೆ, ಮಗುವಿಗೆ ಟೀಚರ್ ಮಾತು ಸಿಗುವುದಿಲ್ಲ. ಹಾಗಾಗಿ ಅಂಗನವಾಡಿಯನ್ನು ಒಡನಾಟಕ್ಕೆ ಇಟ್ಟುಕೊಳ್ಳಿ, ಭಾಷೆಗೆ ಅದೊಂದನ್ನೇ ನಂಬಬೇಡಿ. ಕಾರ್ಯಕರ್ತೆಯ ಹತ್ತಿರ ಮೂರು ವಿಷಯ ಕೇಳಿಕೊಳ್ಳಿ: ಮಗುವನ್ನು ಮುಂದೆ, ಬೆಳಕು ಟೀಚರ್ ಮುಖದ ಮೇಲೆ ಬೀಳುವ ಕಡೆ ಕೂರಿಸಿ, ಮಾತಾಡುವಾಗ ಅದರ ಮುಖ ನೋಡಿ, ಮಷಿನ್ ಬಿಚ್ಚಿ ಜೇಬಿಗೆ ಹಾಕಿಕೊಂಡರೆ ಮತ್ತೆ ಹಾಕಿ. ತೋರಣಗಲ್ಲಿನಂಥ ಕಾರ್ಖಾನೆ ಊರಿನಲ್ಲಿ, ಲಾರಿ ಓಡಾಡುವ ರಸ್ತೆ ಪಕ್ಕದ ಕೇಂದ್ರಕ್ಕಿಂತ ಒಳಗಿನ ಕೇಂದ್ರ ಮೇಲು. ಖಾಸಗಿ ಎಲ್‌ಕೆಜಿಗೂ ಇದೇ ಮಾತು. ಫೀಸು ಜಾಸ್ತಿ ಅಂದ ಮಾತ್ರಕ್ಕೆ ಗದ್ದಲ ಕಡಿಮೆ ಇರುವುದಿಲ್ಲ.

ಆರು ತುಂಬುವ ಹೊತ್ತಿಗೆ ದೊಡ್ಡ ನಿರ್ಧಾರ ಬರುತ್ತದೆ. ಶ್ರವಣದೋಷವುಳ್ಳ ಮಕ್ಕಳಿಗೆ ರಾಜ್ಯ ಸರ್ಕಾರ ನಡೆಸುವ ವಸತಿ ಶಾಲೆಗಳು ಮೈಸೂರು, ಬೆಳಗಾವಿ, ಕಲಬುರಗಿ ಮತ್ತು ನಮ್ಮ ಬಳ್ಳಾರಿಯಲ್ಲಿವೆ. ಮಗು ಮಾತಿನಲ್ಲೇ ಕೇಳಿ ಉತ್ತರ ಕೊಡುವ ಮಟ್ಟಕ್ಕೆ ಬಂದಿದ್ದರೆ ಊರಿನ ಶಾಲೆ ಸರಿ. ಬಂದಿಲ್ಲವಾದರೆ, ಎಲ್ಲರ ಜೊತೆ ಕೂತಿದ್ದೂ ಒಂದು ಮಾತೂ ಅರ್ಥವಾಗದ ತರಗತಿಗಿಂತ ತನ್ನಂಥ ಮಕ್ಕಳಿರುವ, ಕೈಯಲ್ಲಿ ಹರಟುವ ಶಾಲೆ ಎಷ್ಟೋ ಮೇಲು. "ಹಾಸ್ಟೆಲಿಗೆ ಹಾಕಿದರು" ಅಂತ ಜನ ಆಡಿಕೊಳ್ಳುವುದಕ್ಕೆ ಹೆದರಬೇಡಿ. ಆದರೆ ಸೇರಿಸುವ ಮೊದಲು ಹೋಗಿ ನೋಡಿ. ಟೀಚರ್‌ಗಳಿಗೆ ಸನ್ನೆ ಭಾಷೆ ಸಲೀಸಾಗಿ ಬರುತ್ತದಾ? ಮಕ್ಕಳು ಬೋರ್ಡಿನಿಂದ ಸುಮ್ನೆ ನಕಲು ಮಾಡುತ್ತಿದ್ದಾರಾ, ಅಥವಾ ಅರ್ಥ ಮಾಡಿಕೊಂಡು ಓದುತ್ತಿದ್ದಾರಾ? ರಾತ್ರಿ ಮಕ್ಕಳನ್ನು ನೋಡಿಕೊಳ್ಳುವವರು ಯಾರು? ನೋಡಲು ಬಿಡದಿದ್ದರೆ ಸೇರಿಸಬೇಡಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇ. 40ಕ್ಕಿಂತ ಕಡಿಮೆ ಇಲ್ಲದ ನ್ಯೂನತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ, ಹತ್ತಿರದ ಶಾಲೆಯಾದರೂ ಸರಿ, ವಿಶೇಷ ಶಾಲೆಯಾದರೂ ಸರಿ. ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಈಗಲೇ ಮಾಡಿಸಿ. ಪ್ರತಿಯೊಂದು ಯೋಜನೆಗೂ ಅದನ್ನೇ ಮೊದಲು ಕೇಳುತ್ತಾರೆ.

ಯಾರಿಗೆ ಯಾವುದು

ಮಗುವಿಗೆ ಒಂದೂವರೆ ವರ್ಷ, 60 ಡೆಸಿಬೆಲ್, ಅಪ್ಪನಿಗೆ ಸಂಬಳದ ಕೆಲಸ, ಅಮ್ಮ ಮನೆಯಲ್ಲಿ, ಬಳ್ಳಾರಿ ನಗರ. ಇವರಿಗೆ ಮಷಿನ್, ಊರಿನಲ್ಲೇ ಥೆರಪಿ, ಮೂರಕ್ಕೆ ಅಂಗನವಾಡಿ ಅಥವಾ ಮಕ್ಕಳು ಕಡಿಮೆ ಇರುವ ಎಲ್‌ಕೆಜಿ. ಮೈಸೂರಿಗೆ ವರ್ಷಕ್ಕೊಮ್ಮೆ ತೋರಿಸಿಕೊಂಡು ಬಂದರೆ ಸಾಕು.

ಅದೇ ವಯಸ್ಸು, 95 ಡೆಸಿಬೆಲ್, ಸಿಂಧನೂರಿನ ಹಳ್ಳಿ, ಅಪ್ಪ ಅಮ್ಮ ಇಬ್ಬರೂ ನಾಟಿಗೆ, ಕಟಾವಿಗೆ ಕೂಲಿ ಹೋಗುವವರು. ಇಲ್ಲಿ ಇಂಪ್ಲಾಂಟ್‌ಗೆ ಅರ್ಜಿ ಇವತ್ತೇ ಹಾಕಿ, ಅದು ಬರುವವರೆಗೆ ಸಿಕ್ಕ ಮಷಿನ್ ಹಾಕಿ, ಸನ್ನೆ ಶುರು ಮಾಡಿ. ಅಜ್ಜಿಯನ್ನೇ ಥೆರಪಿಗೆ ಕರೆದುಕೊಂಡು ಹೋಗಿ, ಯಾಕೆಂದರೆ ಹಗಲೆಲ್ಲ ಮಗುವಿನ ಜೊತೆ ಇರುವುದು ಅವರು. ಆಪರೇಷನ್ ಆದ ಮೇಲಿನ ಥೆರಪಿಗೆ ಮನೆಯಿಂದ ಒಬ್ಬರೂ ಹೋಗಲು ಆಗುವುದಿಲ್ಲ ಅನ್ನುವುದು ಖಚಿತವಾಗಿದ್ದರೆ, ಸನ್ನೆ ಭಾಷೆಯನ್ನೇ ಮುಖ್ಯ ಮಾಡಿಕೊಂಡು ಬಳ್ಳಾರಿಯ ಶಾಲೆಯತ್ತ ಯೋಚಿಸುವುದರಲ್ಲಿ ಸೋಲು ಅನ್ನುವಂಥದ್ದು ಏನೂ ಇಲ್ಲ.

ಕೊನೆಯದಾಗಿ, ತಡವಾಗಿ ಗೊತ್ತಾದ ಮಗು. ನಾಲ್ಕೂವರೆ, ಐದು ವರ್ಷ, ಒಂದು ಭಾಷೆಯೂ ಇಲ್ಲ. ಈ ಮನೆಗಳಿಂದ ಫೋನ್ ಬಂದಾಗ ನಾನು ಇಂಪ್ಲಾಂಟ್ ಮಾತಿನಿಂದ ಶುರು ಮಾಡುವುದಿಲ್ಲ. ಅದರ ಪರೀಕ್ಷೆ, ಅರ್ಜಿ ಬೇಗ ನಡೆಯಲಿ, ವಯಸ್ಸಿನ ಮಿತಿ ತಲೆಯ ಮೇಲಿದೆ. ಆದರೆ ಇಷ್ಟು ತಡವಾದ ಮೇಲೆ ಇಂಪ್ಲಾಂಟ್‌ನಿಂದ ಸಿಗುವ ಮಾತು ಒಂದು ವರ್ಷಕ್ಕೆ ಹಾಕಿಸಿದ ಮಗುವಿನಷ್ಟು ಇರುವುದಿಲ್ಲ, ಅದನ್ನು ವೈದ್ಯರ ಬಾಯಿಂದಲೇ ಕೇಳಿ ತಿಳಿದುಕೊಳ್ಳಿ. ಈ ಮಗುವಿಗೆ ಮೊದಲು ಬೇಕಾದದ್ದು ಸನ್ನೆ, ಅದೂ ದಿನವಿಡೀ, ಮನೆಯವರೆಲ್ಲರಿಂದ. ತಾಲ್ಲೂಕಿನ ಬಿಆರ್‌ಸಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಕಚೇರಿಗೆ ಹೋಗಿ ವಿಶೇಷ ಮಕ್ಕಳ ಸಂಪನ್ಮೂಲ ಶಿಕ್ಷಕರನ್ನು ಕೇಳಿ, ಮಗುವಿನ ಹೆಸರು ಬರೆಸಿ. ಬಳ್ಳಾರಿ ಶಾಲೆಗೆ ಜೂನ್ ತಿಂಗಳಿಗಿಂತ ಮುಂಚೆಯೇ ಹೋಗಿ ವಿಚಾರಿಸಿ, ಹೋಗುವಾಗ ಮಗುವನ್ನೂ ಕರೆದುಕೊಂಡು ಹೋಗಿ.